ಕಡ್ಡಿಗೂ ಒಂದು ಮರ್ಯಾದೆ ಇರಲಿ

ನೇರವಾಗಿ ಹೇಳಿಬಿಡ್ತೇನೆ. ಹಾರುವ ಮಿನಿಯೇಚರನ್ನು ಸ್ಟ್ಯಾಂಡಿಗೆ ಒಂದು ಹನಿ ಸೂಪರ್ ಗ್ಲೂ ಹಾಕಿ ಅಂಟಿಸಿ, 'ಆಯ್ತು ಬಿಡಿ' ಅನ್ನುವವರಿಂದ ಈ ಹವ್ಯಾಸಕ್ಕೆ ಆಗುವ ಹಾನಿ ಸಣ್ಣದಲ್ಲ. ಹೊಸಬರಿಗೂ ಅದನ್ನೇ ಹೇಳಿಕೊಡುವವರಿಂದ ಇನ್ನೂ ಹೆಚ್ಚು. ಎಷ್ಟೋ ವರ್ಷ ನಾನೂ ಆ ಗುಂಪಿನಲ್ಲೇ ಇದ್ದೆ. ಹಾಗಾಗಿ ಮುಂದೆ ಬರುವ ಬೈಗುಳದಲ್ಲಿ ಅರ್ಧ ಪಾಲು ನನ್ನದೇ.

ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಮೇಲೆ ಪುಟಾಣಿ ಸೈನ್ಯ ನಿಲ್ಲಿಸಿ, ಟೇಪ್ ಹಿಡಿದು ಇಂಚು ಅಳೆದು, ದಾಳ ಉರುಳಿಸಿ ಯುದ್ಧ ಆಡುವುದು ಹೊಸ ಹುಚ್ಚಲ್ಲ. ಪ್ರಷ್ಯಾದ ಸೇನಾಧಿಕಾರಿಗಳು 1824ರಲ್ಲೇ ಇಂಥದ್ದೊಂದು ಆಟವನ್ನು ತರಬೇತಿಗೆ ತಂದುಕೊಂಡಿದ್ದರು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದು ಪುಸ್ತಕವನ್ನೇ ತಂದ. 1987ರಲ್ಲಿ ಬಂದ ವಾರ್‌ಹ್ಯಾಮರ್ 40,000 ಇವತ್ತು ಬೆಂಗಳೂರಿನ ಫ್ಲಾಟುಗಳ ಡೈನಿಂಗ್ ಟೇಬಲ್ಲಿಗೂ ತಲುಪಿದೆ. ಈ ಸೈನ್ಯದಲ್ಲಿ ಕೆಲವರು ಹಾರುವವರು: ಡ್ರ್ಯಾಗನ್, ವಿಮಾನ, ರೆಕ್ಕೆಯ ರಾಕ್ಷಸ. ಅವರನ್ನು ಗಾಳಿಯಲ್ಲಿ ನಿಲ್ಲಿಸಲು ಒಂದು ಪಾರದರ್ಶಕ ಕಡ್ಡಿ, ಅದರ ಕೆಳಗೊಂದು ದುಂಡು ಬೇಸ್. ನನ್ನ ಜಗಳ ಇರುವುದು ಈ ಕಡ್ಡಿಯ ವಿಷಯದಲ್ಲಿ.

ನಾರಾವಿಯಿಂದ ಅಕ್ಕನ ಮಗ ರಜೆಗೆ ಬಂದಿದ್ದ. ಪಿಯುಸಿ ಹುಡುಗ. ನನ್ನ ಡಬ್ಬಗಳನ್ನು ನೋಡಿ ಅವನಿಗೂ ಹುಚ್ಚು ಹಿಡಿಯಿತು. ಒಂದು ಡ್ರ್ಯಾಗನ್ ಕೊಟ್ಟೆ. ಮೂರು ವಾರ ಕೂತು ಬಣ್ಣ ಹಚ್ಚಿದ. ಒಂದೊಂದು ಪೊರೆಗೂ ಬೇರೆ ಬೇರೆ ಹಸಿರು. ಕೊನೆಗೆ ಕೇಳಿದ, "ಇದನ್ನು ನಿಲ್ಲಿಸೋದು ಹೇಗೆ ಮಾವ?"

"ಒಂದು ಹನಿ ಗಮ್ ಹಾಕು, ಸಾಕು" ಅಂದೆ.

ಭಾನುವಾರ ಜಯನಗರದ ಗೆಳೆಯನ ಮನೆಯಲ್ಲಿ ಆಟ. ಎರಡನೇ ಸುತ್ತಿನಲ್ಲಿ ಯಾರದೋ ಅಂಗಿಯ ತೋಳು ತಾಗಿತು. ಹೊಡೆತ ಅಂತ ಹೇಳುವಷ್ಟೂ ಅಲ್ಲ, ಬರೀ ತಾಗಿದ್ದು. ಬುಡದಲ್ಲೇ ಬಿಟ್ಟುಕೊಂಡು ಡ್ರ್ಯಾಗನ್ ನೆಲಕ್ಕೆ ಬಿತ್ತು, ಒಂದು ರೆಕ್ಕೆ ಹೋಯಿತು, ಕಡ್ಡಿಯ ತುಂಡು ಹೊಟ್ಟೆಯ ತೂತಿನಲ್ಲೇ ಸಿಕ್ಕಿಕೊಂಡಿತು. "ಪರವಾಗಿಲ್ಲ ಮಾವ" ಅಂದ ಹುಡುಗ ಅದನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡ. ಮುಂದಿನ ಭಾನುವಾರ ಕರೆದರೆ ಓದಲಿಕ್ಕುಂಟು ಅಂದ. ಅದರ ಮುಂದಿನ ಭಾನುವಾರ ಮೊಬೈಲಿನಲ್ಲಿ ಆಟ ಆಡ್ತಾ ಕೂತಿದ್ದ.

ಆ ಡ್ರ್ಯಾಗನ್ ಮುರಿದದ್ದು ಅಂಗಿಯ ತೋಳಿನಿಂದಲ್ಲ, ನನ್ನ ಮಾತಿನಿಂದ.

ಗಮ್ಮಿನ ಮೇಲೆ ನನಗೆ ಸಿಟ್ಟಿಲ್ಲ. ಸೂಪರ್ ಗ್ಲೂ ಅಂದರೆ ಸಯನೋಅಕ್ರಿಲೇಟ್. 1942ರಲ್ಲಿ ಹ್ಯಾರಿ ಕೂವರ್ ಎಂಬ ರಸಾಯನ ವಿಜ್ಞಾನಿ ಕೊಡಕ್ ಕಂಪನಿಯಲ್ಲಿ ಬೇರೇನೋ ಹುಡುಕುತ್ತಿದ್ದಾಗ ಕೈಗೆ ಅಂಟಿಕೊಂಡ ವಸ್ತು. ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ನೇರ ಎಳೆತಕ್ಕೆ ಗಟ್ಟಿ. ಆದರೆ ಒಣಗಿದ ಮೇಲೆ ಗಾಜಿನ ಹಾಗೆ ಪೆಡಸು. ಪಕ್ಕದಿಂದ ಬರುವ ಪೆಟ್ಟನ್ನು, ಒಂದು ಅಂಚಿನಿಂದ ಸುಲಿಯುವ ಬಲವನ್ನು ಅದು ತಡೆಯೋದಿಲ್ಲ. ಹಾರುವ ಬೊಂಬೆಗೆ ಬೀಳುವುದೆಲ್ಲ ಪಕ್ಕದ ಪೆಟ್ಟೇ. ಜೊತೆಗೆ ಅದು ಗಟ್ಟಿಯಾಗುವುದು ಗಾಳಿಯ ತೇವದಿಂದ. ನಮ್ಮೂರಿನ ಜುಲೈ ತಿಂಗಳಲ್ಲಿ ಹಾಕಿದರೆ ಪಾರದರ್ಶಕ ಕಡ್ಡಿಯ ಸುತ್ತ ಬಿಳಿ ಮಂಜು ಕಟ್ಟುತ್ತದೆ. ಅಂದವೂ ಹೋಯ್ತು, ಬಲವೂ ಇಲ್ಲ.

ಇನ್ನು ಲೆಕ್ಕ. ಹೆದರಬೇಡಿ, ಹೈಸ್ಕೂಲಿನದ್ದೇ. 40 ಗ್ರಾಂ ಬೊಂಬೆ 10 ಸೆಂಟಿಮೀಟರ್ ಎತ್ತರದಲ್ಲಿದೆ. ಕೆಳಗೆ 6 ಸೆಂಟಿಮೀಟರ್ ಅಗಲದ, 10 ಗ್ರಾಂ ತೂಕದ ಬೇಸ್. ಇಡೀ ವಸ್ತುವಿನ ಗುರುತ್ವಕೇಂದ್ರ ಸುಮಾರು 8 ಸೆಂಟಿಮೀಟರ್ ಮೇಲೆ ಕೂರುತ್ತದೆ. 20 ಡಿಗ್ರಿ ವಾಲಿದರೆ ಸಾಕು, ಮಗುಚುತ್ತದೆ. ಅದೇ ಬೇಸಿನ ಅಡಿಯ ಟೊಳ್ಳಿನಲ್ಲಿ 50 ಗ್ರಾಮಿನ ಒಂದು ದೊಡ್ಡ ಕಬ್ಬಿಣದ ವಾಷರ್ ಕೂರಿಸಿ. ಗುರುತ್ವಕೇಂದ್ರ 4 ಸೆಂಟಿಮೀಟರ್ ಚಿಲ್ಲರೆಗೆ ಇಳಿಯುತ್ತದೆ, ಈಗ 35 ಡಿಗ್ರಿ ವಾಲಿದರೂ ವಾಪಸ್ ನೆಟ್ಟಗೆ ನಿಲ್ಲುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಷರಿಗೆ ಎಷ್ಟು ಅಂತ ಕೇಳಿ ನೋಡಿ. ನೀವು ಕುಡಿಯುವ ಕಾಫಿಗಿಂತ ಅಗ್ಗ.

ಕಡ್ಡಿಯ ದಪ್ಪಕ್ಕೂ ಒಂದು ಲೆಕ್ಕ ಉಂಟು. ದುಂಡು ಕಡ್ಡಿ ಬಾಗದೆ ನಿಲ್ಲುವ ಶಕ್ತಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 3 ಮಿಲಿಮೀಟರ್ ತೆಗೆದು 4 ಮಿಲಿಮೀಟರಿನ ಅಕ್ರಿಲಿಕ್ ಕಡ್ಡಿ ಹಾಕಿದರೆ ಮೂರು ಪಟ್ಟಿಗಿಂತ ಜಾಸ್ತಿ ಗಟ್ಟಿ. ಇದು ಡಬ್ಬ ತಯಾರಿಸುವವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೂ ಸಾವಿರಗಟ್ಟಲೆ ತೆತ್ತು ತಂದ ಡಬ್ಬದಲ್ಲಿ ಹಗುರ ವಿಮಾನಕ್ಕೂ ಭಾರದ ಲೋಹದ ಬೊಂಬೆಗೂ ಒಂದೇ ಸಣಕಲು ಕಡ್ಡಿ ಇಟ್ಟಿರ್ತಾರೆ. ಡಬ್ಬದ ಮೇಲಿನ ಫೋಟೋದಲ್ಲಿ ಕಡ್ಡಿ ಕಾಣುವುದಿಲ್ಲವಲ್ಲ, ಅದಕ್ಕೆ. ನಾವು ಗ್ರಾಹಕರೂ ಕೇಳೋದಿಲ್ಲ. ಬಣ್ಣಕ್ಕೆ ಮೂರು ವಾರ, ಕಡ್ಡಿಗೆ ಮೂರು ಸೆಕೆಂಡು.

ಕಳೆದ ಮಳೆಗಾಲ ಊರಿಗೆ ಹೋದಾಗ ಈ ಗೋಳನ್ನು ಅಪ್ಪನಿಗೆ ಹೇಳಿದೆ. ಅವರು ತೋಟಕ್ಕೆ ಹೊರಟಿದ್ದರು, ಕೊಳೆರೋಗಕ್ಕೆ ಬೋರ್ಡೋ ಹೊಡೆಸಲಿಕ್ಕೆ. ಮುರಿದ ಡ್ರ್ಯಾಗನ್ ತಿರುಗಿಸಿ ನೋಡಿ, "ಎಂತ ಮಾರಾಯ, ದೋಟಿಗೆ ಕತ್ತಿಯನ್ನು ಗಮ್ಮಿನಲ್ಲಿ ಅಂಟಿಸ್ತಾರಾ?" ಅಂದರು.

ಅಷ್ಟೇ. ಇಡೀ ವಿಷಯ ಅಷ್ಟೇ. ಉದ್ದದ ಸಪೂರ ಕೋಲಿನ ತುದಿಯಲ್ಲಿ ಒಂದು ಭಾರದ ವಸ್ತು; ಅಲುಗಾಡಬಾರದು, ತಿರುಗಬಾರದು, ಬೀಳಬಾರದು. ಬಿದ್ದರೆ ಕೆಳಗಿರುವುದು ಮನುಷ್ಯನ ತಲೆ. ಅದಕ್ಕೇ ಅಲ್ಲಿ ಯಾರೂ ಅಂಟನ್ನು ನಂಬಿ ಕೂರುವುದಿಲ್ಲ, ಬಿಗಿದು ಕಟ್ಟುತ್ತಾರೆ. ಈಗ ಬಿದಿರು ಹೋಗಿ ಕಾರ್ಬನ್ ಫೈಬರ್ ದೋಟಿ ಬಂದಿದೆ, ಹತ್ತಿರ ಹತ್ತಿರ ಅಡಿಕೆ ಮರದಷ್ಟೇ ಉದ್ದ. ಕೋಲು ಬದಲಾಯಿತು, ಬಿಗಿಯುವ ಶಿಸ್ತು ಬದಲಾಗಲಿಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ಬೊಂಬೆಯ ಹೊಟ್ಟೆಯನ್ನು ಬೆರಳ ತುದಿಯಲ್ಲಿಟ್ಟು ಎಲ್ಲಿ ಸಮತೂಕ ಸಿಗ್ತದೆ ನೋಡಿ, ಅಲ್ಲಿ ಗುರುತು ಹಾಕಿ. ತೂತು ಇರಬೇಕಾದ್ದು ಅಲ್ಲಿ, ಕಂಪನಿ ಕೊರೆದ ಜಾಗದಲ್ಲೇ ಆಗಬೇಕೆಂದಿಲ್ಲ. ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ಲಿನಿಂದ, ಅಂದರೆ ಪಿನ್ ವೈಸಿನಿಂದ, 1 ಮಿಲಿಮೀಟರಿನ ತೂತು, 5-6 ಮಿಲಿಮೀಟರ್ ಆಳ. ಕಡ್ಡಿಯ ತುದಿಗೂ ಅಂಥದ್ದೇ ತೂತು. ನಡುವೆ ಹಿತ್ತಾಳೆ ತಂತಿ. ಎರಡೂ ಮೈಯನ್ನು ಮರಳು ಕಾಗದದಲ್ಲಿ ಉಜ್ಜಿ, ಎರಡು ಟ್ಯೂಬಿನ ಎಪಾಕ್ಸಿ ಹಚ್ಚಿ, ಒಂದು ರಾತ್ರಿ ಮುಟ್ಟದೆ ಬಿಡಿ. ಈಗ ಪೆಟ್ಟನ್ನು ಹೊರುವುದು ತಂತಿ. ಅಂಟಿನ ಕೆಲಸ ತಂತಿಯನ್ನು ಹಿಡಿದಿಡುವುದು ಮಾತ್ರ. ದೊಡ್ಡ ಬೊಂಬೆಗೆ ಒಂದೇ ಪಿನ್ ಹಾಕಿದರೆ ಗಿರಗಿರ ತಿರುಗುತ್ತದೆ, ಎರಡು ಹಾಕಿ.

ಬಿಚ್ಚಿ ಸಾಗಿಸಬೇಕು ಅನ್ನುವವರಿಗೆ ಅಯಸ್ಕಾಂತ. 5 ಮಿಲಿಮೀಟರಿನ ನಿಯೋಡಿಮಿಯಮ್ ಬಿಲ್ಲೆ ಹೊಟ್ಟೆಯೊಳಗೊಂದು, ಕಡ್ಡಿಯ ತಲೆಗೊಂದು. ಅಂಟಿಸುವ ಮೊದಲು ಯಾವ ಮುಖ ಯಾವುದನ್ನು ಸೆಳೆಯುತ್ತದೆ ಅಂತ ಮಾರ್ಕರಿನಲ್ಲಿ ಗುರುತು ಮಾಡಿ. ಇಲ್ಲದಿದ್ದರೆ ಒಂದನ್ನೊಂದು ದೂಡುವ ಡ್ರ್ಯಾಗನ್ ನಿಮ್ಮ ಪಾಲಿಗೆ. ಅಯಸ್ಕಾಂತ ಎಳೆತಕ್ಕೆ ಗಟ್ಟಿ, ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ಹೊಟ್ಟೆಯ ಬಿಲ್ಲೆಯನ್ನು ಸ್ವಲ್ಪ ಒಳಕ್ಕೆ ತಗ್ಗಿಸಿ, ಕಡ್ಡಿಯ ತಲೆ ಆ ಕುಳಿಯಲ್ಲಿ ಕೂರುವ ಹಾಗೆ ಮಾಡಿ. ಜೋರಾಗಿ ತಾಗಿದರೆ ಕಳಚಿಕೊಳ್ಳುತ್ತದೆ, ಮುರಿಯೋದಿಲ್ಲ. ಮನೆಯ ಫ್ಯೂಸಿನ ಹಾಗೆ.

ಇದಕ್ಕೆ ಬರುವ ತಕರಾರುಗಳು ನನಗೆ ಬಾಯಿಪಾಠ. 'ಬಣ್ಣ ಹಚ್ಚಿದ ಬೊಂಬೆಗೆ ತೂತು ಕೊರೆಯೋದಾ?' ಬಣ್ಣಕ್ಕೆ ಮೊದಲು ಕೊರೆಯಿರಿ ಸ್ವಾಮಿ. 'ನನ್ನ ಆಫೀಸು ಮೇಜಿನ ತೇಜಸ್ ಮಾಡೆಲ್ ಬರೀ ಗಮ್ಮಿನಲ್ಲೇ ಐದು ವರ್ಷದಿಂದ ನಿಂತಿದೆ.' ನಿಂತಿರುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ, ಧೂಳು ಒರೆಸುವವರನ್ನು ಬಿಟ್ಟು. ಆಟದ ಬೊಂಬೆಯನ್ನು ಒಂದು ಸಂಜೆಯಲ್ಲಿ ಹತ್ತಾರು ಸಲ ಎತ್ತಿ ಇಡ್ತೇವೆ, ಬೈಕಿನಲ್ಲಿ ಸಿಲ್ಕ್ ಬೋರ್ಡ್ ದಾಟಿಸ್ತೇವೆ. 'ಇಷ್ಟೆಲ್ಲ ಯಾರಿಗೆ ಟೈಮ್ ಉಂಟು?' ಇದಕ್ಕೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಸೋಮವಾರ ಆಫೀಸಿನಲ್ಲಿ ಕುಳಿತು, ಟೆಸ್ಟ್ ಬರೆಯದೆ ಕೋಡ್ ಬಿಟ್ಟವರನ್ನು ಮೀಟಿಂಗಿನಲ್ಲಿ ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುವವರು ನಾವು. ಭಾನುವಾರ ನಾವೇ ಒಂದು ಹನಿ ಹಾಕಿ ಕೈ ತೊಳೆದುಕೊಳ್ತೇವೆ. ನಮ್ಮ ಬೊಂಬೆ ಮುರಿದರೆ ನಾವು ಇನ್ನೊಂದು ತರಿಸ್ತೇವೆ, ಸಂಬಳ ಬರ್ತದೆ. ಮೊದಲನೆಯದನ್ನೇ ಮೂರು ವಾರ ಕೂತು ಮಾಡಿದ ಹುಡುಗ ಇನ್ನೊಂದನ್ನು ಮಾಡುವುದಿಲ್ಲ. ಅವನಿಗೆ ಬೊಂಬೆ ಮಾತ್ರ ಮುರಿದದ್ದಲ್ಲ. ಇಷ್ಟು ಕಷ್ಟಪಟ್ಟು ಮಾಡಿದ್ದು ಇಷ್ಟು ಸುಲಭಕ್ಕೆ ಹೋಗ್ತದೆ ಅಂತ ಅವನು ಕಲಿತ. ಆ ಪಾಠ ಹೇಳಿದ್ದು ನಾವು.

ಅಪ್ಪ ತೋಟಕ್ಕೆ ಹೋದ ಮೇಲೆ ಹುಡುಗನನ್ನು ಮನೆಗೆ ಕರೆಸಿಕೊಂಡೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಜಗಲಿಯಲ್ಲಿ ಕೂತು, ಹೊಟ್ಟೆಯೊಳಗಿನ ಹಳೇ ತುಂಡನ್ನು ನಿಧಾನಕ್ಕೆ ಕೊರೆದು ತೆಗೆದೆವು. ತೂತು ಅವನೇ ಕೊರೆದ, ತಂತಿ ಅವನೇ ಕತ್ತರಿಸಿದ. ರೆಕ್ಕೆಗೂ ಒಂದು ಪಿನ್ ಬಿತ್ತು. ಮರುದಿನ ಬೆಳಿಗ್ಗೆ ಬೇಸ್ ಹಿಡಿದು ಡ್ರ್ಯಾಗನನ್ನು ತಲೆಕೆಳಗು ಮಾಡಿ ಜೋರಾಗಿ ಅಲುಗಿಸಿದ. ನಾನು ಕಣ್ಣು ಮುಚ್ಚಿಕೊಂಡೆ.

"ಗಟ್ಟಿ ಉಂಟು ಮಾವ" ಅಂದ.

ದಸರಾ ರಜೆಗೆ ಬರ್ತಾನಂತೆ, ಡ್ರ್ಯಾಗನ್ ಹಿಡಿದುಕೊಂಡೇ. ಅಷ್ಟರೊಳಗೆ ನೀವೂ ನಿಮ್ಮ ಶೆಲ್ಫಿನ ಹಾರುವವರನ್ನೆಲ್ಲ ಒಮ್ಮೆ ಕೆಳಗಿಳಿಸಿ ಅಲುಗಿಸಿ ನೋಡಿ. ಮುಂದಿನ ಸಲ ಹೊಸಬರು ಯಾರಾದರೂ 'ಇದನ್ನು ನಿಲ್ಲಿಸೋದು ಹೇಗೆ' ಅಂತ ಕೇಳಿದರೆ, ದಯವಿಟ್ಟು ಗಮ್ಮಿನ ಟ್ಯೂಬು ಎಸೆದು ಕೈ ತೊಳೆದುಕೊಳ್ಳಬೇಡಿ. ಪಕ್ಕದಲ್ಲಿ ಇಪ್ಪತ್ತು ನಿಮಿಷ ಕೂತು ತೂತು ಕೊರೆಯುವುದು ತೋರಿಸಿ.