ಅಪ್ಪನ ಪರ ವಕಾಲತ್ತು

ಹುಡುಗನಾಗಿದ್ದಾಗ ಮೆಚ್ಚಿದ ಕಾದಂಬರಿಯನ್ನು ನಡುವಯಸ್ಸಿನಲ್ಲಿ ಮತ್ತೆ ಓದಿದರೆ, ಆಗ ಖಳನಂತೆ ಕಂಡ ಅಪ್ಪ ಈಗ ಅರ್ಥವಾಗುತ್ತಾನೆ, ಅದೇ ಪಕ್ವವಾದ ಓದು ಎನ್ನುತ್ತಾರೆ. ಈ ಮಾತಿನ ಮೇಲೆ ನನಗೆ ಗುಮಾನಿ. ಆನಂದ ಯಾದವರ ‘ಝೋಂಬಿ’ಯನ್ನು ಮತ್ತೆ ಓದಿದ ಮೇಲೆ ಅದು ಇನ್ನಷ್ಟು ಬಲವಾಗಿದೆ.

ಯಾದವರು ಕೊಲ್ಹಾಪುರದಿಂದ ನಿಪ್ಪಾಣಿಗೆ ಬರುವ ದಾರಿಯ ಕಾಗಲದವರು, ಹುಟ್ಟಿದ್ದು 1935ರಲ್ಲಿ. 1987ರಲ್ಲಿ ಬಂದ ಈ ಆತ್ಮಕಥನದಂಥ ಮರಾಠಿ ಕಾದಂಬರಿಗೆ 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಡಹಿಂಗ್ಲಜದ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಅಂತ ಬೆಳೆದವರಿಗೆ ಇದು ಪಕ್ಕದೂರಿನ ಕಥೆ. ಅಪ್ಪ ಮಗನ ಶಾಲೆ ಬಿಡಿಸಿ ಹೊಲಕ್ಕೆ ಹಚ್ಚುತ್ತಾನೆ. ತಾಯಿ, ಮಗ ಗುಟ್ಟಾಗಿ ಊರಿನ ಹಿರಿಯರಾದ ದತ್ತಾಜಿರಾವ್ ದೇಸಾಯಿಯವರ ಬಳಿ ಹೋಗುತ್ತಾರೆ. ದೇಸಾಯರ ಬೈಗುಳಕ್ಕೆ ಮಣಿದ ಅಪ್ಪ ಒಪ್ಪುತ್ತಾನೆ, ಆದರೆ ಷರತ್ತಿನ ಮೇಲೆ: ಬೆಳಿಗ್ಗೆ ಹೊಲದ ಕೆಲಸ, ಶಾಲೆ ಬಿಟ್ಟ ಮೇಲೆ ದನ ಮೇಯಿಸುವುದು.

ಈಗ ಓದುವಾಗ ಕಣ್ಣು ಹೋಗುವುದು ಬೆಲ್ಲದ ಲೆಕ್ಕಕ್ಕೆ. ಎಲ್ಲರ ಬೆಲ್ಲ ಪೇಟೆಗೆ ಬಂದರೆ ದರ ಇಳಿಯುತ್ತದೆ, ಅದಕ್ಕೇ ಅಪ್ಪ ಎಲ್ಲರಿಗಿಂತ ಮೊದಲು ಗಾಣ ಹೂಡುತ್ತಾನೆ. ಕೈಗಳು ಬೇಕು, ಮನೆಯಲ್ಲಿ ಬಾಯಿಗಳು ಬಹಳ. ಪಾಪ, ಬಡತನ ಮಾಡಿಸಿತು ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಪುಸ್ತಕ ಹಾಗೆ ಹೇಳುವುದಿಲ್ಲ. ಕಬ್ಬು ಇನ್ನಷ್ಟು ದಿನ ನಿಂತರೆ ಬೆಲ್ಲ ಹೆಚ್ಚು ಬರುತ್ತದೆಂದು ಊರಿನ ಉಳಿದ ರೈತರು ತಿಳಿದಿದ್ದರು. ತಾನು ಊರಲ್ಲಿ ಆರಾಮಾಗಿ ತಿರುಗಬೇಕು ಅಂತಲೇ ಗಂಡ ಮಗನನ್ನು ಹೊಲಕ್ಕೆ ಕಟ್ಟಿದ್ದಾನೆ ಎಂದು ತಾಯಿ ದೇಸಾಯರ ಮುಂದೆ ನೇರವಾಗಿಯೇ ದೂರುತ್ತಾಳೆ. ಹದಿಹರೆಯದಲ್ಲಿ ಈ ಮಾತು ಎದೆಗೆ ನಾಟುತ್ತದೆ. ವಯಸ್ಸಾದ ಮೇಲೆ ಸಲೀಸಾಗಿ ದಾಟಿ ಹೋಗುತ್ತೇವೆ. ಮಕ್ಕಳಿಗೆ ಬೇಡ ಎಂದವರು ಈಗ ನಾವು. ಆರೋಪಿಯೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂತಿದ್ದಾನೆ, ಅದಕ್ಕೆ ಪಕ್ವತೆ ಎಂದು ಹೆಸರು!

ಸ್ಯಾಲಿಂಜರ್‌ನ ‘ದ ಕ್ಯಾಚರ್ ಇನ್ ದ ರೈ’ ಕಾದಂಬರಿಯ ಹೋಲ್ಡನ್‌ನನ್ನು ಬರೀ ಹಟಮಾರಿ ಎನ್ನುವ ಹಿರಿಯರೂ ಅವನ ತಮ್ಮ ಸತ್ತದ್ದನ್ನು ಹೀಗೆಯೇ ಮರೆತಿರುತ್ತಾರೆ.

‘ಝೋಂಬಿ’ಯ ಹುಡುಗನ ಸಿಟ್ಟು ತಿಳಿಗೇಡಿತನವಾಗಿರಲಿಲ್ಲ. ಕಾಗಲದ ಘಾಟಗೆ ಮನೆತನದಿಂದ ದತ್ತು ಹೋಗಿ ಕೊಲ್ಹಾಪುರದ ಗಾದಿ ಏರಿದ ಶಾಹೂ ಮಹಾರಾಜರು 1917ರಲ್ಲೇ ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿ, ಮಕ್ಕಳನ್ನು ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ಇಟ್ಟಿದ್ದರು. ಬಡತನ ಬೇರೆ, ಅಪ್ಪನ ಮರ್ಜಿ ಬೇರೆ ಎಂದು ಆ ದೊರೆಗೆ ಗೊತ್ತಿತ್ತು. ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿಗೆ ಶಾಲೆ ಬಿಟ್ಟು ಬರುವ ಹುಡುಗನ ಮನೆಯಲ್ಲೂ ಈ ಎರಡನ್ನೂ ಬೇರೆ ಮಾಡಿಯೇ ನೋಡಬೇಕು.

ಹಾಗೆಂದು ವಯಸ್ಸು ಏನೂ ಕಲಿಸುವುದಿಲ್ಲ ಎನ್ನಲಾರೆ. ನನಗೆ ಈ ಸಲ ಹೊಸದಾಗಿ ಕಂಡವಳು ತಾಯಿ. ಮೊದಲು ಅವಳು ಮಗನ ಬೆನ್ನಿಗಿದ್ದ ನೆರಳಷ್ಟೇ ಆಗಿದ್ದಳು. ಗಂಡನನ್ನು ಎದುರು ಹಾಕಿಕೊಳ್ಳದೆ, ತಾನು ಬಂದದ್ದು ಗೊತ್ತಾಗಬಾರದೆಂದು ದೇಸಾಯರಿಗೆ ಹೇಳಿ, ಕೆಲಸ ಸಾಧಿಸಿದವಳು ಅವಳೇ. ಅವಳ ವಿಷಯದಲ್ಲಿ ನಾನು ಸಮರ್ಥಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅದಕ್ಕೇ ಕಣ್ಣು ಚುರುಕಾಗಿತ್ತು.

ಕಾದಂಬರಿಯ ಈ ಭಾಗ ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಹಿಂದಿ ಪಠ್ಯದಲ್ಲಿ ‘ಜೂಝ್’ ಎಂಬ ಪಾಠವಾಗಿ ಬಂದಿದೆ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ಜತೆಗೆ ಕೂತು ಓದಿ. ಅಪ್ಪನ ಬಗ್ಗೆ ಅವರು ಹೇಳುವುದನ್ನು ಮೊದಲು ಕೇಳಿ, ನಡುವೆ ಬಾಯಿ ಹಾಕಬೇಡಿ.