ಸರ್ಕಾರ ಕೊಟ್ಟ ಸಂಬಳ

ಧರ್ಮಸಂಸ್ಥೆಗಳು ಸರ್ಕಾರದ ಹಣವನ್ನು ಅವಲಂಬಿಸುವುದು ಲೇಸೇ ಎಂಬ ಪ್ರಶ್ನೆಯು ಭಕ್ತರ ಮನೆಗಳಲ್ಲಿ ಆಗಾಗ ಚರ್ಚೆಗೆ ಬರುತ್ತದೆ. ಈ ವಿಷಯದಲ್ಲಿ ಮಧ್ಯ ಯುರೋಪಿನ ಜೆಕ್ ಜನರ ಅನುಭವವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ. ಅವರ ರಾಜ್ಯವು ಕಮ್ಯುನಿಸ್ಟರ ಕೈಗೆ ಸಿಕ್ಕಿ, ನಾಲ್ವತ್ತು ವರ್ಷಗಳ ಮೇಲೆ ಬಿಡುಗಡೆ ಹೊಂದಿತು. ಆದರೆ ಪಾದ್ರಿಗಳ ಸಂಬಳದ ಗಂಟು ಮಾತ್ರ ಅಷ್ಟು ಬೇಗ ಬಿಚ್ಚಲಿಲ್ಲ.

1948ರ ಫೆಬ್ರವರಿಯಲ್ಲಿ ಜೆಕೊಸ್ಲೊವಾಕಿಯದ ಅಧಿಕಾರವು ಕಮ್ಯುನಿಸ್ಟ್ ಪಕ್ಷದ ವಶವಾಯಿತು. ಮರುವರ್ಷ ಅಕ್ಟೋಬರಿನಲ್ಲಿ ಎರಡು ಕಾನೂನುಗಳು ಬಂದವು. ಒಂದರಿಂದ ಚರ್ಚುಗಳ ಮೇಲ್ವಿಚಾರಣೆಗೆ ಪ್ರತ್ಯೇಕ ಸರ್ಕಾರಿ ಕಚೇರಿ ಹುಟ್ಟಿತು. ಇನ್ನೊಂದು, ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡುವುದೆಂದು ಸಾರಿತು. ಹೊರನೋಟಕ್ಕೆ ಔದಾರ್ಯವೇ ಸರಿ! ಆದರೆ ಸರ್ಕಾರದ ಒಪ್ಪಿಗೆಯಿಲ್ಲದೆ ಯಾವ ಪಾದ್ರಿಯೂ ಪೂಜೆ ನಡೆಸುವಂತಿರಲಿಲ್ಲ, ಬೋಧಿಸುವಂತಿರಲಿಲ್ಲ. ಚರ್ಚಿನ ಜಮೀನು, ಅರಣ್ಯಗಳು ಕೈಬಿಟ್ಟಿದ್ದುದರಿಂದ ಬೇರೆ ಆಸರೆಯೂ ಇರಲಿಲ್ಲ. 1950ರ ಏಪ್ರಿಲ್ 13ರ ರಾತ್ರಿ ಪೊಲೀಸರು ಅನೇಕ ಕ್ರೈಸ್ತ ಮಠಗಳಿಗೆ ಏಕಕಾಲದಲ್ಲಿ ನುಗ್ಗಿ, ಸನ್ಯಾಸಿಗಳನ್ನು ಕರೆದೊಯ್ದು ಕೆಲವೇ ಕಡೆಗಳಲ್ಲಿ ಕೂಡಿಹಾಕಿದರು.

ಪ್ರಾಗ್ ನಗರದ ಆರ್ಚ್‌ಬಿಷಪ್ ಯೋಸೆಫ್ ಬೆರಾನ್ ಅವರು ನಾಜಿಗಳ ಡಾಖೌ ಶಿಬಿರವನ್ನು ಕಂಡು ಬದುಕಿ ಬಂದವರು. ಅವರನ್ನು ಸ್ವದೇಶದ ಸರ್ಕಾರವೇ 1949ರಿಂದ 1963ರವರೆಗೆ ಬಂಧನದಲ್ಲಿರಿಸಿತು. 1965ರಲ್ಲಿ ರೋಮಿಗೆ ಹೋಗಬಿಟ್ಟಿತು, ಮರಳಲು ಬಿಡಲಿಲ್ಲ. 1969ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಅವರ ಪಾರ್ಥಿವ ಶರೀರವು ಪ್ರಾಗ್ ಸೇರಿದ್ದು 2018ರಲ್ಲಿ.

ಇಂತಹ ದಿನಗಳಲ್ಲಿ ಎದ್ದು ನಿಂತವನೊಬ್ಬ ರೈತ. ಮೊರಾವಿಯಾ ಪ್ರಾಂತದ ಆಗುಸ್ಟಿನ್ ನಾವ್ರಾಟಿಲ್ ಎಂಬ ಈ ಭಕ್ತನು 1987ರಲ್ಲಿ ಮೂವತ್ತೊಂದು ಬೇಡಿಕೆಗಳ ಮನವಿಯೊಂದನ್ನು ಸಿದ್ಧಪಡಿಸಿದನು. ಅವುಗಳಲ್ಲಿ ಮೊದಲನೆಯದೇ ರಾಜ್ಯವೂ ಧರ್ಮವೂ ಬೇರೆಯಾಗಬೇಕೆಂಬುದು. ಸರ್ಕಾರವು ಆತನನ್ನು ಒಂದಕ್ಕಿಂತ ಹೆಚ್ಚು ಬಾರಿ ಹುಚ್ಚರ ಆಸ್ಪತ್ರೆಗೆ ನೂಕಿತು. ತೊಂಬತ್ತರ ಸಮೀಪದಲ್ಲಿದ್ದ ಕಾರ್ಡಿನಲ್ ಟೊಮಾಶೆಕ್ ಅವರು, ಭಯ ಬಿಟ್ಟು ಸಹಿ ಹಾಕಿರೆಂದು ಜನರಿಗೆ ಕರೆಯಿತ್ತರು. ಆರು ಲಕ್ಷಕ್ಕೂ ಮೀರಿ ಸಹಿಗಳು ಬಿದ್ದವು. ಹೆಸರು ಬರೆದವನ ನೌಕರಿಗೂ ಮಕ್ಕಳ ವಿದ್ಯಾಭ್ಯಾಸಕ್ಕೂ ಸಂಚಕಾರವಿದ್ದ ಕಾಲವದು ಎಂಬುದನ್ನು ಮರೆಯಬಾರದು.

1989ರ ನವೆಂಬರಿನಲ್ಲಿ ಜನರು ಬೀದಿಗಿಳಿದರು. ಡಿಸೆಂಬರ್ 29ರಂದು, ಸೆರೆಮನೆ ಕಂಡಿದ್ದ ನಾಟಕಕಾರ ವಾಟ್ಸ್‌ಲಾವ್ ಹಾವೆಲ್ ರಾಷ್ಟ್ರಾಧ್ಯಕ್ಷರಾದರು. ರಾಜ್ಯವು ಯಾವುದೇ ಮತಕ್ಕಾಗಲಿ ಸಿದ್ಧಾಂತಕ್ಕಾಗಲಿ ಕಟ್ಟುಬೀಳಕೂಡದೆಂದು 1991ರ ಹಕ್ಕುಗಳ ಸನದು ವಿಧಿಸಿತು. 1993ರ ಜನವರಿ 1ರಂದು ಜೆಕ್ ಮತ್ತು ಸ್ಲೊವಾಕ್ ರಾಜ್ಯಗಳು ಜನಮತಗಣನೆಯಿಲ್ಲದೆಯೇ ಬೇರೆಯಾದವು. ಇಷ್ಟೆಲ್ಲ ಬದಲಾದರೂ ಪಾದ್ರಿಗಳು ಸರ್ಕಾರಿ ಸಂಬಳವನ್ನೇ ಪಡೆಯುತ್ತಿದ್ದರು. ಒಪ್ಪಿಗೆಯ ಕಟ್ಟಳೆ ರದ್ದಾಗಿತ್ತು, ನಿಜ. ಆಸ್ತಿ ಮರಳದೆ ಸಂಬಳ ಬಿಡುವುದೆಂತು?

ಕೊನೆಗೆ 2012ರಲ್ಲಿ ಕಾನೂನಾಯಿತು. ಸುಮಾರು 7,500 ಕೋಟಿ ಕೊರುನಾ ಬೆಲೆಯ ಆಸ್ತಿಯನ್ನು ಹಿಂದಿರುಗಿಸುವುದು. ಹಿಂದಿರುಗಿಸಲಾಗದುದಕ್ಕೆ 5,900 ಕೋಟಿಯನ್ನು ಮೂವತ್ತು ವರ್ಷಗಳಲ್ಲಿ ತುಂಬಿಕೊಡುವುದು. ಸಂಬಳದ ನೆರವನ್ನು ಹದಿನೇಳು ವರ್ಷಗಳಲ್ಲಿ ಇಳಿಸುತ್ತ ನಿಲ್ಲಿಸುವುದು. ಬ್ಯಾಪ್ಟಿಸ್ಟ್ ಪಂಥದವರು ಮಾತ್ರ ಪರಿಹಾರದ ಹಣವನ್ನೇ ಬೇಡವೆಂದರು. ದಾಸೋಹದ ಸಂಸ್ಕಾರದಲ್ಲಿ ಬೆಳೆದ ನಮ್ಮ ಓದುಗರಿಗೆ ಆ ನಿಲುವು ಅಪರಿಚಿತವೆನಿಸದು. ಪರಿಹಾರದ ಮೇಲೆ ತೆರಿಗೆ ಹಾಕಲು ಸಂಸತ್ತು ಯತ್ನಿಸಿದಾಗ, 2019ರಲ್ಲಿ ಸಂವಿಧಾನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು.

ಇಷ್ಟರಲ್ಲಿ ಚರ್ಚುಗಳು ಬರಿದಾಗಿದ್ದವು. 1991ರ ಜನಗಣತಿಯಲ್ಲಿ ನೂರಕ್ಕೆ ಮೂವತ್ತೊಂಬತ್ತು ಮಂದಿ ತಾವು ಕ್ಯಾಥೊಲಿಕರೆಂದು ಬರೆಸಿದ್ದರು. 2021ರಲ್ಲಿ ಹಾಗೆ ಬರೆಸಿದವರು ಸುಮಾರು ಏಳು. ಉತ್ತರಿಸಲೇಬೇಕೆಂಬ ಕಡ್ಡಾಯವಿಲ್ಲದ ಆ ಪ್ರಶ್ನೆಯನ್ನು ಮೂವತ್ತು ಮಂದಿ ಖಾಲಿ ಬಿಟ್ಟರು. ಇದಕ್ಕೆ ಕಮ್ಯುನಿಸ್ಟರೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. 1620ರ ಯುದ್ಧದಲ್ಲಿ ಗೆದ್ದ ಹಾಬ್ಸ್‌ಬರ್ಗ್ ಅರಸರು ಇಡೀ ನಾಡನ್ನು ಬಲವಂತದಿಂದ ಕ್ಯಾಥೊಲಿಕ್ ಮಾಡಿದ್ದರು. ಅರಮನೆಯ ಬೆನ್ನಿಗಂಟಿದ ಧರ್ಮವೆಂಬ ಶಂಕೆ ಅಂದೇ ಬೇರೂರಿತ್ತು.

ಕಾನೂನಿನಂತೆ 2030ರ ವೇಳೆಗೆ ಸರ್ಕಾರಿ ಸಂಬಳದ ನೆರವು ಪೂರ್ಣವಾಗಿ ನಿಲ್ಲಬೇಕು. ಆ ಮೇಲೆ ಹಳ್ಳಿಯ ಚರ್ಚಿನ ಬಾಗಿಲು ತೆರೆದಿಡುವ ಭಾರ, ಮರಳಿದ ಕಾಡು ಹೊಲಗಳ ಆದಾಯದ ಮೇಲೂ ಉಳಿದಿರುವ ಆ ಕೆಲವೇ ಭಕ್ತರ ಕಾಣಿಕೆಯ ಮೇಲೂ ಬೀಳಲಿದೆ.