ಹೊಟ್ಟೆಬಾಕನ ಬೆಲ್ಟು ಸಡಿಲವಾದರೆ…!

ತೆರೆಯ ಮೇಲೆ ಹೊಟ್ಟೆಬಾಕ ಬಂದರೆ ಸಾಕು, ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ನಗುವೋ ನಗು! 1957ರ ತೆಲುಗಿನ ‘ಮಾಯಾಬಜಾರ್’ನಲ್ಲಿ ಘಟೋತ್ಕಚನಾದ ಎಸ್.ವಿ. ರಂಗರಾವ್ ಮದುವೆ ಭಕ್ಷ್ಯಗಳನ್ನೆಲ್ಲ ಗುಳುಂ ಮಾಡೋದನ್ನ ನೋಡಿ ನಗದವರುಂಟೇ? ಸಿನಿಮಾದಲ್ಲಿ ಅದು ಸರಿ ಸ್ವಾಮಿ. ಮನೆಯಲ್ಲೇ ಒಬ್ಬರು ಇದ್ದಕ್ಕಿದ್ದಂತೆ ಹಾಗೆ ತಿನ್ನತೊಡಗಿದರೆ? ನಗುವ ಮೊದಲು ಅವರ ಬೆಲ್ಟು ನೋಡಿ!

ನನಗೆ ಗೊತ್ತಿದ್ದ ಒಬ್ಬ ಗ್ಯಾರೇಜ್ ಹುಡುಗ. ವಯಸ್ಸು ಹತ್ತೊಂಬತ್ತು. ಬೆಳಿಗ್ಗೆ ಎಂಟು ಇಡ್ಲಿ, ಹನ್ನೊಂದಕ್ಕೆ ಎರಡು ಪ್ಲೇಟ್ ಪೂರಿ. ಗೆಳೆಯರಿಟ್ಟ ಹೆಸರು ‘ಬಕಾಸುರ’. ‘ಇದು ಭಸ್ಮಕ ರೋಗ ಕಣ್ರೋ, ತಿಂದದ್ದೆಲ್ಲ ಬೂದಿ’ ಅಂತ ಅವನಜ್ಜಿ ಅಂದರೆ ಅದಕ್ಕೂ ನಗು. ಆದರೆ ಪ್ಯಾಂಟು ಸೊಂಟದಿಂದ ಜಾರುತ್ತಿತ್ತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೇಳುತ್ತಿದ್ದ. ಒಂದು ದಿನ ವಾಂತಿ, ಹೊಟ್ಟೆನೋವು, ಏದುಸಿರು. ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಗೊತ್ತಾಯ್ತು, ಸಕ್ಕರೆ ಕಾಯಿಲೆ! ಪುಣ್ಯಕ್ಕೆ ಬದುಕಿದ. ಈಗ ದಿನವೂ ಇನ್ಸುಲಿನ್.

ಅಷ್ಟು ತಿಂದರೂ ಸೊರಗಿದ್ದೇಕೆ? ಉಂಡ ಅನ್ನ ಸಕ್ಕರೆಯಾಗಿ ರಕ್ತ ಸೇರುತ್ತೆ. ಅದನ್ನು ಜೀವಕೋಶದೊಳಕ್ಕೆ ಬಿಡೋ ಗೇಟ್‌ಕೀಪರ್ ಇನ್ಸುಲಿನ್. ಅವನೇ ಬಾರದಿದ್ದರೆ ಥಿಯೇಟರ್ ಹೊರಗೆ ನೂಕುನುಗ್ಗಲು, ಒಳಗೆ ಕುರ್ಚಿಗಳೆಲ್ಲ ಖಾಲಿ! ಸಕ್ಕರೆ ಮೂತ್ರದಲ್ಲಿ ಹರಿದುಹೋಗುತ್ತೆ, ದೇಹ ಮಾತ್ರ ‘ಇನ್ನೂ ಹಾಕು’ ಅನ್ನುತ್ತೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಹದಿನಾಲ್ಕರ ಹುಡುಗನೊಬ್ಬನಿಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ.

ಎರಡನೇ ಖಳನಾಯಕ ಥೈರಾಯ್ಡ್. ಕತ್ತಿನ ಈ ಗ್ರಂಥಿ ಅತಿಯಾಗಿ ದುಡಿದರೆ ದೇಹವೆಂಬ ಒಲೆ ಧಗಧಗ. ತಿನ್ನೋದು ಹೆಚ್ಚು, ತೂಕ ಕಡಿಮೆ. ಎದೆ ಢವಢವ, ಬೆರಳು ನಡುಕ, ಬೆವರು, ಸೆಕೆ ತಡೆಯದು, ನಿದ್ದೆ ಬಾರದು. ‘ಹುಡುಗಿಗೆ ಕೋಪ ಜಾಸ್ತಿ’ ಅಂತ ಬೈಯುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ.

ಮೂರನೆಯದು ಔಷಧಿ. ಸ್ಟೀರಾಯ್ಡ್ ಮಾತ್ರೆ, ಮನೋರೋಗದ ಕೆಲವು ಮಾತ್ರೆಗಳು ಹಸಿವು ಕೆರಳಿಸುತ್ತವೆ. ಇಲ್ಲಿ ತೂಕ ಏರುತ್ತೆ, ಅಷ್ಟೇ ವ್ಯತ್ಯಾಸ. ಹಾಗಂತ ನೀವೇ ನಿಲ್ಲಿಸಿಬಿಡಬೇಡಿ, ಅಪಾಯ! ಕೊಟ್ಟ ಡಾಕ್ಟರನ್ನೇ ಕೇಳಿ. ಇನ್ಸುಲಿನ್ ತಗೊಳ್ಳೋರಿಗೆ ಹಠಾತ್ತನೆ ಹಸಿವು, ಬೆವರು, ನಡುಕ ಬಂತೋ, ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ತಡಮಾಡದೆ ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೇನೂ ಹಾಕದೆ ಆಸ್ಪತ್ರೆಗೆ ಓಡಿ.

ದುಡಿಯೋ ಹುಡುಗ, ಬೆಳೆಯೋ ಹುಡುಗ ಜಾಸ್ತಿ ಉಂಡರೆ ರೋಗವಲ್ಲ ಮಾರಾಯ್ರೇ. ಉಂಡದ್ದು ಮೈಗೆ ಹತ್ತದೆ ಬಟ್ಟೆ ಸಡಿಲವಾದರೆ ಮಾತ್ರ ಎಚ್ಚರ! ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ಮುಟ್ಟಿತೋ, ಡಾಕ್ಟರ ಬಳಿ ಖಾತ್ರಿ ಮಾಡಿಕೊಳ್ಳಿ. ಜೊತೆಗೆ ವಾಂತಿ, ಏದುಸಿರು ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಅಡ್ಡಹೆಸರಿಡೋಕೆ ಆಮೇಲೂ ಟೈಮಿದೆ!